ಸಾವಂತ್ರೆವ್ವನ ರಂಪಿಗಿ

ಸವೆದು ಸವೆದು ಬೆರಳಗಲ ಉಳಿದ ರಂಪಿಗಿ
ಸೆರಗಿನಾಗ ಸುತ್ತಿಕೊಂಡು ಬಂದಳು
ಅಥಣಿಯ ಚಪ್ಪಲಿ ಹೊಲಿಯೂ ಸಾವಂತ್ರೆವ್ವ.
"ಇಂಥಾದ್ದ ಬೇಕು. ಹೊಳಿಯೂದು ಬ್ಯಾಡ."

ಹೊಳಿಯೂದು ಒಂದಿತ್ತು ನನ್ನ ಹತ್ರ,
ಬೆಳಗಾವಿ ಗುಜರಿಯಿಂದ ತಂದ ಸ್ಟೀಲಿನ ಪಟ್ಟಿ.
ಹೋದ ವರ್ಷ ಅವಳ ಭಾವಗ ಅದರಾಗ ಮಾಡಿಕೊಟ್ಟಿದ್ದೆ.
ತುಕ್ಕು ಹಿಡೀಲಿಲ್ಲ, ಖರೆ.
ಕೋಣದ ತೊಗಲಿನ ಮುಂದ
ಮಧ್ಯಾಹ್ನಕ್ಕ ಮಕ್ಕೊಂಡಬಿಟ್ಟಿತ್ತು.

ಲಾರಿ ಪಟ್ಟಿ ಎತ್ತಿ ತೋರಿಸಿದೆ:
ತಗ್ಗು ತಗ್ಗಿಗೂ ಬಾಗಿ ಎದ್ದು ಕಲಿತ ಉಕ್ಕು,
ಕಲ್ಲಿಗೆ ತಾಗಿದರೂ ಮುರಿಯಂಗಿಲ್ಲ.
"ನಾ ಏನ್ ಕಬ್ಬು ಕಡೀತೀನೇನೊ?
ಅಂಚು ಕೆತ್ತಾಕಿ ನಾ, ಕೂದಲೆಳಿಯಷ್ಟು."

ಟ್ರ್ಯಾಕ್ಟರಿನ ಬೇರಿಂಗ್ ಬಳಿ ಇತ್ತು. ಬಲು ಬಿರುಸು.
"ಮಸಿಯೂ ಕಲ್ಲು ಯಾವುದು ನಿಂದು?" ಕೇಳಿದೆ.
ಕೃಷ್ಣಾ ಹೊಳಿ ದಂಡಿದಂತ, ಅತ್ತಿ ಕಾಲದ್ದಂತ,
ನಡುವ ತೊಟ್ಟಿಲಧಂಗ ತಗ್ಗು ಬಿದ್ದದ್ದಂತ.
ಬೇರಿಂಗ್ ಬಾಜೂಕ ಇಟ್ಟೆ.
ಆ ಕಲ್ಲಿಗೆ ಸೋಲಬೇಕು ಉಕ್ಕು, ತೊಗಲಿಗೆ ಸೋಲಬಾರದು.
ಇಷ್ಟ ನನ್ನ ಕಸಬಿನ ಲೆಕ್ಕ.
ಇಷ್ಟಕ್ಕ ಮೂವತ್ತು ವರ್ಷ ಹಿಡೀತು.

ಹಳೇದನ್ನ ಸಾಣಿಗೆ ಹಿಡಿದೆ, ಬೆನ್ನಿನ ಕಡೆ, ಮೆಲ್ಲಕ.
ಲಾರಿ ಪಟ್ಟಿ ಉದ್ದುದ್ದ ಕಿಡಿ ಬಿಡತೈತಿ.
ಇದರದು ಗಿಡ್ಡ, ತುದಿಗೆ ಪೊದಿ ಪೊದಿ,
ಒಗ್ಗರಣಿಯೊಳಗ ಸಾಸಿವಿ ಸಿಡಿದಂಗ.
ಹಿಡಿಕಿಗೆ ಸುತ್ತಿದ ತೊಗಲು ಬಿಚ್ಚಿದೆ.
ಅಡಿಗೆ ಓರಿ ಓರಿ ಗೆರಿ, ಅರದ ಹಲ್ಲು!
ತಿಕ್ಕಿ ತೆಗೀದ ಬಿಟ್ಟಾನ ಮಾಡಿದಾಂವ,
ಮೈಗಳ್ಳತನಕೊ, ಗುರುತಿಗೊ.

ನನ್ನ ಕಡೆನೂ ಒಂದು ಅರ ಇತ್ತು,
ಹಲ್ಲು ಹೋದದ್ದು, ತೂಕಕ್ಕ ಹಾಕಾಕ ಮನಸಾಗದ್ದು.

ಕತ್ತಲಾಗೂತನಕ ಕಾದೆ.
ಬಿಸಲಿನಾಗ ಕೆಂಪು ಸುಳ್ಳು ಹೇಳತೈತಿ.
ಒಡೆದ ಸ್ಪೀಕರಿನ ಅಯಸ್ಕಾಂತ
ಅಂಟೂದು ಬಿಟ್ಟ ಗಳಿಗಿಗೆ
ಕುಸುಬಿ ಎಣ್ಣಿಯೊಳಗ ಇಳಿಸಿದೆ.
ಮತ್ತ ಸಣ್ಣ ಕಾವು, ಒಣ ಕಣಿಕಿಯ ಬಣ್ಣ ಬರೂಮಟ.
ನವಿಲಗರಿ ಬಣ್ಣಕ್ಕ ಹೋದರ ಕೆಟ್ಟಿತು,
ಕಣ್ಣು ಪಿಳುಕಿಸಿದರ ಹೋಗೇಬಿಡತೈತಿ.

ಮರುದಿನ ಬಂದು ಕುಂತಳು.
ಮಣಿ ಮ್ಯಾಲ ದಪ್ಪನ್ನ ಅಟ್ಟಿ ಇಟ್ಟು ಒಮ್ಮೆ ನೂಕಿದಳು.
ಸಪ್ಪಳ ಬರಲಿಲ್ಲ.
ಚಲೋ ಐತಿ ಅನ್ನಲೂ ಇಲ್ಲ.
ಬಿದ್ದ ಚೂರು ನನ್ನ ಕಡೆ ಒಗೆದು ಅಂದಳು:
"ನಿನ್ನ ತಿದಿ ಸೋರತೈತಿ, ತೇಪಿ ಹಚ್ಚಿಕೊ.
ಐವತ್ತು ಕಮ್ಮಿ ಕೊಡ್ತೀನಿ."