ಮುಂದಿನ ಸ್ಟೇಷನ್ನಿನವನು

ದೊಲಿಸಿಯಲ್ಲಿ ರೈಲು ಮೂರು ಗಂಟೆ ತಡ.
ಮರಗೆಣಸಿನ ಕಡುಬಿನ ಎಲೆ ಬಿಚ್ಚಿ ಕೊಡುತ್ತ
ನ್ಸೋನಾ ಕೇಳಿದಳು: ಒಬ್ಬಳೇನಾ?
ತಲೆಯಾಡಿಸಿದೆ.

ಹೌದೆನ್ನಬೇಡ ಯಾರಿಗೂ. ನನಗೂ ಅನ್ನಬಾರದಿತ್ತು.
ದುಡ್ಡು ಎರಡು ಕಡೆ ಇಡು.
ಕತ್ತಲಾದ ಮೇಲೆ ಇಳಿದರೆ
ಹೆಂಗಸರು ಕೂತ ಒಲೆ ಹುಡುಕು,
ಅಲ್ಲೇ ಬೆಳಗು ಮಾಡು.

ಮತ್ತೆ, ಒಬ್ಬ ಗಂಡ ಬೇಕು,
ಮುಂದಿನ ಸ್ಟೇಷನ್ನಿನಲ್ಲಿ ಕಾಯುವವನು.
ಹೆಸರು ಈಗಲೇ ಇಟ್ಟುಕೋ, ತಡವರಿಸಿದರೆ ಕೆಟ್ಟೆ.
ನನ್ನವನು ಮಬಿಯಾಲ. ಬಡಗಿ. ಮುಂಗೋಪಿ.
ಇದೋ ಉಂಗುರ, ಸೈಕಲ್ಲಿನ ವಾಷರ್.

ಇಪ್ಪತ್ತು ವರ್ಷ ಕಾದಿದ್ದಾನೆ ಪಾಪ.
ಮೊನ್ನೆ ತಪಾಸಣೆಯ ಮುದಿ ಪೊಲೀಸ
ಚೀಟಿ ನೋಡದೆಯೇ ಕೇಳಿದ:
ಮಬಿಯಾಲನ ಮಂಡಿನೋವು ಹೇಗಿದೆ?

ಮಂಡಿಯ ಸುದ್ದಿ ನಾನೆಂದೂ ಎತ್ತಿದವಳಲ್ಲ.
ತಂಡಿಯಲ್ಲವೆ, ಜಾಸ್ತಿಯೇ,
ಅಂದೆ.