ಪ್ರಯೋಗಶಾಳಾ ಸಾಹಿತ್ಯ

ಸಾಂಗಲಿಯ ಗಣಪತಿ ಪೇಠದ ಹಿಂದಿನ ಗಲ್ಲಿಯೊಳಗ
ಒಂದು ಅಂಗಡಿ. ಬೋರ್ಡಿನ ಮ್ಯಾಲ ಮರಾಠಿಯೊಳಗ:
ಪ್ರಯೋಗಶಾಳಾ ಸಾಹಿತ್ಯ.
ಸಂಖದ ಕನ್ನಡ ಸಾಲಿಯೊಳಗ ಕಲತಾವ ನಾನು,
ಸಾಹಿತ್ಯ ಅಂದ್ರ ಪದ್ಯ ಅಂತ ತಿಳದಿದ್ದೆ.
ಒಳಗ ಹೋಗಿ ನೋಡಿದ್ರ
ಪದ್ಯ ಎಲ್ಲಾ ಗಾಜಿನವು.

"ಯಾವ ಸಾಲಿ?" ಅಂದ್ರು ಪೋಂಕ್ಷೆ ಕಾಕಾ,
ಪೆನ್ನಿನ ಟೊಪ್ಪಿಗಿ ಹಲ್ಲಿನಾಗ ಹಿಡಕೊಂಡು.
ಮೋಟರಿನ ಕಾಯಿಲ್ ಸುತ್ತಾವ ನಾನು,
ಸಾಲಿ ಬಿಟ್ಟು ಇಪ್ಪತ್ತಾರು ವರ್ಷ.
"ಸಂಖ," ಅಂದೆ. ಊರ ಹೆಸರು ಸುಳ್ಳಲ್ಲ.
ಬಿಲ್ಲಿನಾಗ ಬರದ್ರು: ಮುಖ್ಯಾಧ್ಯಾಪಕರು, ಸಂಖ.
ಹೈಡ್ರೋಮೀಟರ್ ಒಂದು. ಅಳತಿ ಕೊಳವಿ ಒಂದು.

ಅದಕಿಂತ ಮೊದಲ ಇದ್ದದ್ದು
ಅವ್ವನ ಉಪ್ಪಿನಕಾಯಿ ಭರಣಿ,
ಅಪ್ಪನ ಧೋತರದ ತುಂಡು,
ಜತ್ತದ ಬೇಕರಿಯಾಂವ ಪೇಪರಿನಾಗ ಕಟ್ಟಿಕೊಟ್ಟ ಈಸ್ಟು,
ಮತ್ತ ಬೇದಾಣಿ ಆಗಲಾರದ, ಆರಿಸಿ ಒಗದ ದ್ರಾಕ್ಷಿ.
ಆ ವರ್ಷದ ವೈನು ಮೆಂತೆ ನಾತ ಹೊಡೀತಿತ್ತು.
ಕಂಪೌಂಡರ್ ದಸ್ತಗೀರ ಒಂದು ಗುಟುಕು ಕುಡದ,
ಸ್ವಲ್ಪ ಹೊತ್ತು ಸುಮ್ಮ ಕುಂತ,
"ರೊಟ್ಟಿ ಐತೇನು?" ಅಂದ.

ಮರುವರ್ಷ ಇಪ್ಪತ್ತು ಲೀಟರಿನ ನೀರಿನ ಕ್ಯಾನು.
ಅದರ ಬಾಯಿಗೆ ಮಗಳ ಬರ್ತ್‌ಡೇದಾಗ ಉಳದ ಹಳದಿ ಬಲೂನು.
ಉಬ್ಬಿತು. ಇನ್ನೂ ಉಬ್ಬಿತು. ಮೂರನೇ ರಾತ್ರಿ
ಹಾರಿದ ಸದ್ದಿಗೆ ಓಣಿಯ ನಾಯಿ ಎಲ್ಲಾ ಎದ್ದವು.
ಪತ್ರಾಸಿನ ಒಳಮೈಗೆ ಆ ನೇರಳಿ ಕಲಿ ಇನ್ನೂ ಐತಿ.
"ಏನಾತ್ರೀ?" ಅಂತ ಗ್ವಾಡಿ ಆಚಿಂದ ತಂಗೆವ್ವ.
ನನ್ನ ಹೇಣ್ತಿ ಕಸ್ತೂರಿ ಅಂದ್ಲು: "ಕುಕ್ಕರು."

ಆವಾಗ ದಸ್ತಗೀರ ಸಲೈನಿನ ನಳಿ ತಂದ.
ಒಂದು ತುದಿ ಮುಚ್ಚಳದಾಗ, ಒಂದು ತುದಿ ನೀರಿನ ಗ್ಲಾಸಿನಾಗ.
ಬುಳಕ್.
ತಡದು, ಬುಳಕ್.
ವಾಚು ಹಿಡದು ಎಣಿಸಿ ಅಂದ:
"ನಿಮಿಷಕ್ಕ ನಲವತ್ತೆರಡು. ಪೇಶಂಟು ಆರಾಮ ಅದಾನ."

ಒಂದು ಸಾಮಾನು ಬಂದ್ರ ಅದು ಇನ್ನೊಂದು ಬೇಡತೈತಿ.
ಗಾಜಿನ ಬುದ್ದಲಿ ಬಂತು, ಅದನ್ನ ಎತ್ತಲಾರದಕ್ಕ ಪೈಪು ಬಂತು,
ಬಾಟಲಿ ಬಂದವು, ಬೂಚು ಬಂದವು,
ಬೂಚು ಒಳಗ ಹೋಗಲಿಲ್ಲಂತ ಬೂಚು ಬಡಿಯೋ ಮಶೀನು.
ಹಾಲಿನ ವಹಿಯ ಕಡೀ ಪುಟದಾಗ
ಕಸ್ತೂರಿ ಎಲ್ಲಾ ಬರದಿಟ್ಟಾಳ,
ಮೊತ್ತ ಕೂಡಿಸಿಲ್ಲ. ಅದು ಅಕಿಯ ದಯಾ.
ನಾಸಿಕದಿಂದ ಈಸ್ಟು, ಐದು ಗ್ರಾಂ, ಮುನ್ನೂರಾ ನಲವತ್ತು ರೂಪಾಯಿ.
"ಇದೇನು ಕೇಸರಿಯೇನು?" ಅಂದ್ಲು.
ಉಗುರುಬೆಚ್ಚನ ನೀರಿಗೆ ಉದರಿಸಿದೆ.
ಹತ್ತು ನಿಮಿಷಕ್ಕ ಪುಡಿಗೆ ಉಸಿರು ಬಂತು, ನೊರಿ ಎದ್ದಿತು.
ಬೈಯಾಕ ಬಂದಾಕಿ ಬಗ್ಗಿ ನೋಡಕೋತ ನಿಂತಳು.

ಹೈಡ್ರೋಮೀಟರು ಸಿಹಿ ಇದ್ದಾಗ ತೇಲತೈತಿ,
ಸಿಹಿ ತೀರಿದಂಗ ಮುಳಗತೈತಿ.
"ನಮ್ದು ಉಲ್ಟಾ," ಅಂದ್ಲು ಕಸ್ತೂರಿ,
"ನಾವು ತೇಲೋದು ಆಮ್ಯಾಲ ಕಲತೇವಿ."

ಈ ಸುಗ್ಗಿಯಾಗ ಅದನ್ನ ತೊಳೆಯುವಾಗ ಒಡದೆ.
ಮತ್ತ ಸಾಂಗಲಿ.
ಕಾಕಾ ಹಳೇ ಪೇಪರಿನಾಗ ಹೊಸಾದು ಸುತ್ತಿಕೋತ ಅಂದ್ರು:
"ಮಾಸ್ತರ, ನಿಮ್ಮ ಹುಡುಗರು ಭಾಳ ಒಡೀತಾರ.
ಉಮದಿಯಾಗ ಒಂದು ಸಾಲಿ ಇಂಥಾದ್ದ ಒಯ್ತೈತಿ,
ಕವಠೆಮಹಾಂಕಾಳದಾಗ ಎರಡು. ಎಲ್ಲಾರೂ
ದ್ರಾಕ್ಷಿ ಇಳಿಸೋ ಹೊತ್ತಿಗೇ ಬರತೀರಿ.
ಮಕ್ಕಳು ಒಂದೂ ಇಲ್ಲದ ಸಾಲಿ,
ಸಾಹಿತ್ಯ ಮಾತ್ರ ಭಾಳ."
ನಾನು ರೊಕ್ಕ ಎಣಿಸಿದೆ, ಎರಡು ಸಲ.
ಅವರು ಚಿಲ್ಲರಿ ಕೊಟ್ಟು, ಬೀದಿ ನೋಡಿ, ದನಿ ಇಳಿಸಿ,
"ರಿಜಲ್ಟ್ ಬಂದ್ರ ತಿಳಸ್ರಿ," ಅಂದ್ರು.

ಕೆಂಪು ಬಸ್ಸು. ಗಾಜು ಅಂಗಿಯ ಒಳಗ, ಎದಿಗೆ ಒತ್ತಿ.
"ಏನ್ರೀ ಅದು?" ಅಂದ ಕಂಡಕ್ಟರು. ನಮ್ಮ ಕಡೆಯಾಂವ, ಕನ್ನಡದಾಗ ಕೇಳಿದ.
"ಸಾಹಿತ್ಯ."
"ಹಂಗಾದ್ರ ಒಂದು ಪದ್ಯ ಓದ್ರಲಾ."
ಕಿಟಕಿಯ ಬಿಸಿಲಿಗೆ ಹಿಡದೆ. ಕೆಳಗಿಂದ ಮ್ಯಾಲಕ
ಗೀಟು ಗೀಟು ಓದಿದೆ:
ಸಾವಿರದ ತೊಂಬತ್ತು.
ಸಾವಿರದ ಅರವತ್ತು.
ಸಾವಿರದ ಇಪ್ಪತ್ತು.
ಸಾವಿರ.
ಅಲ್ಲಿಂದ ಮ್ಯಾಲೂ ಒಂದೆರಡು ಗೀಟು ಅದಾವ.