ಹಿಂದಿನ ಗೇಟು

ಆದೇಶ ಟೈಪು ಮಾಡಿದವನು ನಾನು.
ಮೊದಲೇ ಹೇಳಿಬಿಡುತ್ತೇನೆ,
ಆಮೇಲೆ ಯಾರೂ ಹೇಳಬೇಕಾಗುವುದಿಲ್ಲ.

ಬನಹಟ್ಟಿಯಲ್ಲಿ ಕರೆಂಟು ಇದ್ದಷ್ಟು ಹೊತ್ತೂ ಮಗ್ಗ.
ನಮ್ಮ ಹೈಸ್ಕೂಲಿನ ಗೋಡೆಗೆ ಬೆನ್ನು ಕೊಟ್ಟು ಮೂರು ಶೆಡ್ಡು,
ಖಟಕಟ ಖಟಕಟ.
ಸಮಾಜ ಪಾಠ ಹೇಳುವ ಮಾಸ್ತರರು ಕೂಗಿ ಕೂಗಿ
ಮನೆಯಲ್ಲೂ ಚಹ ಕೂಗಿಯೇ ಕೇಳುತ್ತಾರೆ.

ಎಂಟನೇ ಬ ವರ್ಗದ ಭುಜಬಲಿ.
ಬಲವೆಲ್ಲ ಹೆಸರಿನಲ್ಲಿ.
ಹಾಜರಿ ಕರೆದರೆ "ಎ... ಎ... ಎಸ್ಸಾರ್"
ಮುಗಿಯುವಷ್ಟರಲ್ಲಿ ಮುಂದಿನ ನಾಲ್ಕು ಹೆಸರು ದಾಟಿರುತ್ತಿದ್ದವು.
ಹತ್ತನೆಯ ಹುಡುಗರು ನೀರಿನ ಟಾಕಿಯ ಹಿಂದೆ ನಿಲ್ಲಿಸಿ
"ನಿಮ್ಮಪ್ಪನ ಹೆಸರು ಹೇಳ್ಲೇ" ಅನ್ನುತ್ತಿದ್ದರು.
ತೊದಲಿಗೊಂದು ಏಟು.
ಎಣಿಸಲು ಒಬ್ಬನಿದ್ದ.

ಸಾಂವಕ್ಕ ನೋಡಿದಳು. ಕಸಬರಿಗೆ ಕೈಯಲ್ಲೇ ಇತ್ತು.
ಹೆಡ್‌ಮಾಸ್ತರರಿಗೆ ಹೇಳಿದಳು. "ನೋಡೋಣು" ಅಂದರು.
ಮತ್ತೆ ಹೇಳಿದಳು. "ಹುಡುಗ್ರ ಆಟ ಬಿಡು."
ನನಗೂ ಹೇಳಿದಳು. ನಾನು ಸಂಬಳದ ಬಿಲ್ಲು ಮಾಡುತ್ತಿದ್ದೆ.
ಪಾಲಕರ ಸಭೆಯ ದಿನ, ವಂದನಾರ್ಪಣೆ ಮುಗಿದು
ಮೈಕು ಇನ್ನೂ ಗುಂಯ್‌ಗುಡುತ್ತಿರುವಾಗ
ಅವಲಕ್ಕಿ ತಾಟು ಕೆಳಗಿಟ್ಟು ಹೋಗಿ ನಿಂತಳು:
"ಯಪ್ಪಾ, ನಿಮ್ಮ ಮಕ್ಕಳ್ನ ಕೇಳ್ರಿ,
ಟಾಕಿ ಹಿಂದ ಏನ್ ಎಣಸ್ತಾರಂತ."

ಎಣಿಸುವವನು ಸಂಸ್ಥೆಯ ಚೇರಮನ್ನರ ಮೊಮ್ಮಗ.

ಹೇಳಿದ್ದಕ್ಕೆ ಶಿಕ್ಷೆ ಕೊಡಲು ಬರುವುದಿಲ್ಲ,
ಬೇರೆ ಹುಡುಕಿದರು. ಸಿಕ್ಕಿತು:
ಕೊನೆಯ ಗಂಟೆಗೆ ಎರಡು ನಿಮಿಷ ಮೊದಲು
ಅಡಿಗೆ ಕೋಣೆ ಕಡೆಯ ಗೇಟು ತೆಗೆದು
ಅವಳು ದಿನಾ ಒಬ್ಬನನ್ನೇ ಹೊರಗೆ ಬಿಡುತ್ತಿದ್ದಳು.
"ಅನುಮತಿಯಿಲ್ಲದೆ ದ್ವಾರ ತೆರೆದು
ವಿದ್ಯಾರ್ಥಿಗಳ ಸುರಕ್ಷತೆಗೆ ಧಕ್ಕೆ ತಂದಿರುವುದರಿಂದ..."
ಸುರಕ್ಷತೆಯ ಕ್ಷ ಮೂಡದೆ ಎರಡು ಸಲ ಬಡಿದೆ.
ನಾನು ತೊದಲಿದ್ದು ಅಷ್ಟೇ.

ಹನ್ನೊಂದು ವರ್ಷದ ದಿನಗೂಲಿ, ಒಂದೇ ಹಾಳೆ ಸಾಕಾಯಿತು.
ಓದಿ ಹೇಳು ಎಂದಳು. ಓದಿದೆ.
"ಗೇಟ್ ತಗದದ್ದು ಖರೇನ ಐತಿ" ಎಂದು ರುಜು ಹಾಕಿ
ಚಾವಿ ಗೊಂಚಲು ಮೇಜಿನ ಮೇಲಿಟ್ಟಳು.
ಆ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ
ಎಂದೂ ಇಲ್ಲದ ಶ್ರದ್ಧೆಯಿಂದ ಪೇಪರು ತಿದ್ದುತ್ತಿದ್ದರು.

ಈಗ ಗೋಡೆಯಾಚೆ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಾಳೆ.
ಗೇಟಿಗೆ ಹೊಸ ಕೀಲಿ. ಚಾವಿ ನನ್ನ ಡ್ರಾವರಿನಲ್ಲಿ.

ನಿನ್ನೆ ಸಂಜೆ ಆ ಓಣಿಯಲ್ಲಿ ಹಾಯುವಾಗ ಕಂಡೆ:
ಭುಜಬಲಿ ಮಗ್ಗಗಳ ನಡುವೆ ನಿಂತು
ಅವಳಿಗೆ ಏನೋ ಹೇಳುತ್ತಿದ್ದ.
ಅಂಗಿಯ ಮೇಲಿನೆರಡು ಗುಂಡಿ ಇರಲಿಲ್ಲ,
ಆದರೆ ತುಟಿ ಎಲ್ಲೂ ತಡೆಯುತ್ತಿರಲಿಲ್ಲ,
ಲಾಳಿ ಓಡಿದ ಹಾಗೆ.
ಆ ಸದ್ದಿನಲ್ಲಿ ಅವನ ದನಿ ಅವನಿಗೇ ಕೇಳುತ್ತಿರಲಿಲ್ಲ.
ಅವಳು ನೂಲಿನಿಂದ ಕಣ್ಣೆತ್ತದೆ
ಹ್ಞೂಂ ಎಂಬಂತೆ ತಲೆಯಾಡಿಸುತ್ತಿದ್ದಳು.

ಕರೆಂಟು ಹೋಯಿತು.
ಮಗ್ಗಗಳೆಲ್ಲ ಒಮ್ಮೆಲೇ ನಿಂತವು.
ಅವನು ತಿರುಗಿ ನನ್ನನ್ನು ನೋಡಿದ:
"ನ... ನ... ನಮ..."
ಕಾದೆ. ಪೂರಾ ಮುಗಿಯುವ ತನಕ ಕಾದೆ.
ಸಾಂವಕ್ಕ ನನ್ನ ಕಡೆ ನೋಡಲಿಲ್ಲ.

ಇವತ್ತು, ಕೊನೆಯ ಗಂಟೆಗೆ ಇನ್ನು ಮೂರು ನಿಮಿಷ.
ಡ್ರಾವರು ಎಳೆದು ಕೂತಿದ್ದೇನೆ.